ಬಾಗಿಲ ಮೇಲಿನ ಗೀಟು

ಬಾಗಿಲು ತಟ್ಟುವುದು ಅವನ ಉದ್ಯೋಗ. ಇಪ್ಪತ್ತಾರು ವರ್ಷಗಳಿಂದ ಜನಗಣತಿ, ನೀರಿನ ಮೀಟರು, ಮತದಾರರ ಪಟ್ಟಿ, ಸೊಳ್ಳೆ ಸಮೀಕ್ಷೆ ಅಂತ ಒಂದಲ್ಲ ಒಂದು ನೆಪದಲ್ಲಿ ಈ ನಗರದ ಬಾಗಿಲುಗಳನ್ನು ತಟ್ಟುತ್ತಲೇ ಬಂದಿದ್ದ. ಬಲಗೈ ನಡುಬೆರಳಿನ ಗೆಣ್ಣು ಜಡ್ಡುಗಟ್ಟಿ ಹೊಳೆಯುತ್ತಿತ್ತು. ಆಕ್ಷೇಪಣೆ ಸಲ್ಲಿಸಲು ಇವತ್ತು ಕೊನೆಯ ದಿನ. ನಗರ ಕಚೇರಿಯ ನೆಲಮಹಡಿಯ ಕೌಂಟರಿನ ಹಿಂದೆ ಕೂತು, ಅದೇ ಗೆಣ್ಣಿನಿಂದ ಮೇಜಿನ ಗಾಜನ್ನು ಮೆಲ್ಲಗೆ ಕುಟ್ಟುತ್ತ, ಒಬ್ಬರು ಬಾರದಿದ್ದರೆ ಸಾಕು ಅಂದುಕೊಳ್ಳುತ್ತಿದ್ದ. ಆ ಒಬ್ಬರು ಗಂಡಸೋ ಹೆಂಗಸೋ ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದುದು ಅವರ ಬಾಗಿಲು ಮಾತ್ರ. ಹೊರಗಿನ ಗೋಡೆಯ ಮೇಲೆ ಅಂಟಿಸಿದ್ದ ಪಟ್ಟಿಯ ಮುಂದೆ ಜನ ನಿಂತು ಬೆರಳು ಓಡಿಸುತ್ತಿದ್ದರು. ಹೆಸರು ಸಿಕ್ಕವರು ಸುಮ್ಮನಾಗಿ ಬದಿಗೆ ಸರಿದು, ಆಮೇಲೆ ನಂಬಿಕೆ ಸಾಲದೆ ಮತ್ತೊಮ್ಮೆ ಬಂದು ನೋಡುತ್ತಿದ್ದರು. ಪಟ್ಟಿಯಲ್ಲಿ ಇನ್ನೂರ ಹನ್ನೆರಡು ಆದಮೇಲೆ ಇನ್ನೂರ ಹದಿನಾಲ್ಕು ಇತ್ತು. ಅಷ್ಟು ದೂರದಿಂದ ಕಾಣುವ ಹಾಗಿರಲಿಲ್ಲ, ಆದರೂ ಅವನಿಗೆ ಬೆಳಗಿನಿಂದ ಅದೊಂದೇ ಕಾಣುತ್ತಿತ್ತು.

ಪಟ್ಟಿ ಗುಂಡಿಯದು. ಕಚೇರಿಯ ಕಡತದಲ್ಲಿ ಅದಕ್ಕೊಂದು ಉದ್ದನೆಯ ಹೆಸರಿದ್ದರೂ ಎಲ್ಲರ ಬಾಯಲ್ಲಿ ಗುಂಡಿಯೇ. ಹಳೆಯ ನಕ್ಷೆಯಲ್ಲಿ ಅಲ್ಲಿ ಹಸಿರು ಬಣ್ಣ, ಅಂದರೆ ಎಲೆಕೋಸಿನ ಹೊಲ. ಅದರ ನಂತರದ ನಕ್ಷೆಯಲ್ಲಿ ಕಂದು, ಇಟ್ಟಿಗೆಗೂಡು. ಗೂಡಿನವರು ಮಣ್ಣು ತೆಗೆದು ತೆಗೆದು ನೆಲವನ್ನು ರಸ್ತೆಗಿಂತ ಎರಡಾಳು ಕೆಳಗಿಳಿಸಿದ್ದರು. ನಗರದ ಅರ್ಧ ಗೋಡೆಗಳು ಆ ಗುಂಡಿಯಿಂದಲೇ ಎದ್ದು ಹೋಗಿದ್ದವು. ಗೋಡೆಗಳು ಎದ್ದು, ಅವುಗಳೊಳಗೆ ಜನ ಬಂದು ಕೂತು, ಹೊಗೆ ತಡೆಯಲಾಗುವುದಿಲ್ಲ ಅಂತ ಅರ್ಜಿ ಕೊಟ್ಟಮೇಲೆ ಗೂಡು ದೂರ ಹೋಯಿತು, ಇಟ್ಟಿಗೆ ಸುಟ್ಟವರು ಮಾತ್ರ ಉಳಿದುಕೊಂಡರು. ಆಮೇಲಿನ ನಕ್ಷೆಯಲ್ಲಿ ಆ ಜಾಗಕ್ಕೆ ಬಣ್ಣವೇ ಇಲ್ಲ. ಇಪ್ಪತ್ತು ವರ್ಷ ನಾಲ್ಕು ನೂರು ಮನೆಗಳು ಬಿಳಿ ಕಾಗದದ ಮೇಲೆ ಬದುಕಿದವು. ಈಗ ಗುಂಡಿ ತುಂಬಿಸಿ ಅಲ್ಲೇ ಐದಂತಸ್ತಿನ ಮನೆಗಳನ್ನು ಕಟ್ಟುತ್ತಾರೆ, ಪಟ್ಟಿಯಲ್ಲಿರುವ ಒಂದೊಂದು ಸಂಸಾರಕ್ಕೆ ಒಂದೊಂದು. ಪಟ್ಟಿಯಲ್ಲಿ ಇಲ್ಲದವರು ಗುಂಡಿ ತುಂಬುವ ಮೊದಲು ಮೇಲೆ ಹತ್ತಿ ಹೋಗಬೇಕು. ಎಲ್ಲಿಗೆ ಎಂಬ ಕಾಲಂ ನಮೂನೆಯಲ್ಲಿ ಇರಲಿಲ್ಲ.

ಸಮೀಕ್ಷೆಗೆ ಇಳಿದ ಮೊದಲ ದಿನವೇ ಅವನಿಗೆ ಒಂದು ಸಂಗತಿ ತಿಳಿದಿತ್ತು. ಗುಂಡಿಯ ಬಾಗಿಲು ಯಾವುದೂ ಗುಂಡಿಯದಲ್ಲ. ತಗಡು, ಪ್ಲಾಸ್ಟಿಕ್ ಹಾಳೆ, ಹಳೆ ಬ್ಯಾನರುಗಳ ಗೋಡೆಯ ನಡುವೆ ಇದ್ದಕ್ಕಿದ್ದಂತೆ ಒಂದು ತೇಗದ ಬಾಗಿಲು, ಗಾಜಿನ ಕಿಂಡಿ ಇಟ್ಟ ಬಾಗಿಲು, ಹಿತ್ತಾಳೆ ಹಿಡಿಯ ಬಾಗಿಲು. ಮೇಲೆ ನಗರದಲ್ಲಿ ಹಳೆ ಮನೆ ಕೆಡವಿ ಅಪಾರ್ಟ್‌ಮೆಂಟು ಎಬ್ಬಿಸಿದಾಗಲೆಲ್ಲ ಒಂದು ಬಾಗಿಲು ಕೆಳಗಿಳಿಯುತ್ತಿತ್ತು. ಒಂದರ ಮೇಲೆ ದಂತವೈದ್ಯರ ಹೆಸರು ಹಾಗೇ ಉಳಿದಿತ್ತು. ಆ ಮನೆಯ ಯಜಮಾನನನ್ನು ಎಲ್ಲರೂ ಡಾಕ್ಟ್ರೇ ಅಂತಲೇ ಕರೆಯುತ್ತಿದ್ದರು, ಪಾಪ ಅವನಿಗೆ ಬಾಯಲ್ಲಿ ನಾಲ್ಕು ಹಲ್ಲು. ನಾಯಿ ಇದೆ ಎಚ್ಚರಿಕೆ ಎಂದು ಬರೆದ ಬಾಗಿಲ ಹಿಂದೆ ಮೂರು ಕೋಳಿ. ಅವನು ನಗುತ್ತ, ತಟ್ಟುತ್ತ, ಎಷ್ಟು ಜನ ಎಷ್ಟು ಒಲೆ ಅಂತ ಬರೆದುಕೊಳ್ಳುತ್ತ, ಮುಗಿದ ಬಾಗಿಲಿಗೆ ಕೆಂಪು ಬಣ್ಣದಲ್ಲಿ ನಂಬರು ಹಾಕುತ್ತ ಹೋದ. ಇನ್ನೂರ ಹನ್ನೆರಡಕ್ಕೆ ನಂಬರು ಹಾಕಿ ಕುಂಚ ಒರೆಸಿಕೊಂಡು ತಿರುಗಿದರೆ ಎದುರಿಗೆ ಅವನದೇ ಮನೆಯ ಬಾಗಿಲಿತ್ತು.

ನಾಲ್ಕು ಚೌಕದ ಬಾಗಿಲು. ಎಡಗಡೆ ಅಂಚಿನಲ್ಲಿ ಸೊಂಟದ ಎತ್ತರದಿಂದ ಶುರುವಾಗಿ ಮೇಲಕ್ಕೆ ಎರಡು ಸಾಲು ಗೀಟುಗಳು. ಅಕ್ಕನಿಗೆ ಹನ್ನೆರಡಾಗುವವರೆಗೂ ಅಪ್ಪ ಪ್ರತಿ ವರ್ಷ ಶಾಲೆ ತೆರೆಯುವ ಹಿಂದಿನ ದಿನ ಇಬ್ಬರನ್ನೂ ಬಾಗಿಲಿಗೆ ಬೆನ್ನು ಹಚ್ಚಿ ನಿಲ್ಲಿಸಿ, ತಲೆಯ ಮೇಲೆ ಪುಸ್ತಕವಿಟ್ಟು, ಚಾಕುವಿನಿಂದ ಗೀಟು ಎಳೆಯುತ್ತಿದ್ದರು. ಅಕ್ಕನ ಸಾಲು ಯಾವಾಗಲೂ ಮೇಲೆ. ಹಿಮ್ಮಡಿ ಎತ್ತಬೇಡ ಕಳ್ಳ ಅಂತ ಅಕ್ಕ ಅವನ ಪಾದದ ಮೇಲೆ ತನ್ನ ಪಾದವಿಟ್ಟು ಒತ್ತುತ್ತಿದ್ದಳು. ಮನೆಯನ್ನು ಬಿಲ್ಡರಿಗೆ ಒಪ್ಪಿಸುವ ಕಾಗದಕ್ಕೆ ಅಕ್ಕ ಒಂದು ಮಾತೂ ಆಡದೆ ಸಹಿ ಹಾಕಿದ್ದಳು, ಪೆನ್ನಿನ ಮುಚ್ಚಳ ಹಾಕುತ್ತ ಆ ಬಾಗಿಲೊಂದು ನನಗೆ ತೆಗೆದಿಡು ಅಂದಿದ್ದಳು. ತೆಗೆದಿಡ್ತೀನಿ ಅಂದಿದ್ದ. ಸಾಮಾನು ಸಾಗಿಸುವುದು, ಬಾಡಿಗೆ ಮನೆ ಹುಡುಕುವುದು, ಹೆಂಡತಿಯ ಸೊಂಟನೋವು, ಈ ಗಡಿಬಿಡಿಯಲ್ಲಿ ಬಾಗಿಲು ನೆನಪಾದದ್ದು ಕೆಡವಲು ಶುರುಮಾಡಿದ ನಾಲ್ಕನೆಯ ದಿನ. ಓಡಿಹೋದ. ಇಟ್ಟಿಗೆಯ ರಾಶಿ, ಅದರ ಮೇಲೆ ಒಂದು ಬೆಕ್ಕು. ಅಕ್ಕನಿಗೆ ಫೋನು ಮಾಡಿ, ಬಾಗಿಲು ಪೂರ್ತಿ ಗೆದ್ದಲು ತಿಂದಿತ್ತು ಕಣೇ, ಮುಟ್ಟಿದರೆ ಪುಡಿಪುಡಿ, ಎಸೆದುಬಿಟ್ಟರು ಅಂದ. ಅಕ್ಕ ಹೂಂ ಅಂದಳು. ಇದು ಒಂಬತ್ತು ವರ್ಷದ ಹಿಂದಿನ ಮಾತು. ಅವನು ಹೊಸ ಫ್ಲಾಟಿಗೆ ಬಂದಮೇಲೆ ಮೊದಲ ಸಲ ನೋಡಲು ಬಂದ ಅಕ್ಕ ಕೈಚೀಲದಿಂದ ಒಂದು ಡಬ್ಬ ಗೆದ್ದಲಿನ ಎಣ್ಣೆ ತೆಗೆದು ಅವನ ಹೆಂಡತಿಯ ಕೈಗೆ ಕೊಟ್ಟಿದ್ದಳು, ನಿಮ್ಮ ಜಾಗದಲ್ಲಿ ಗೆದ್ದಲು ಜಾಸ್ತಿ ಅಂತ. ಎಷ್ಟು ಒಳ್ಳೆಯವಳು, ಏನೂ ತಿಳಿಯದವಳು ಅಂತ ಅವನಿಗೆ ಆವತ್ತು ಊಟ ಸೇರಿರಲಿಲ್ಲ.

ಒಂದು ಹುಳುಕೂ ಇಲ್ಲದ ಆ ಬಾಗಿಲು ಗುಂಡಿಯಲ್ಲಿ ಒಳಮುಖ ಹೊರಗಾಗಿ ನಿಂತಿತ್ತು, ಗೀಟುಗಳು ಓಣಿಯ ಕಡೆಗೆ. ಬೀಗ ಇರಲಿಲ್ಲ, ಒಂದು ಗೇಣಿನಷ್ಟು ತೆರೆದೇ ಇತ್ತು, ಒಳಗೆ ಕತ್ತಲೆ. ಅವನು ಕೈಯೆತ್ತಿದ. ತಟ್ಟಬೇಕಾದ ಕೈ ತಟ್ಟಲಿಲ್ಲ. ತಟ್ಟಿದರೆ ಒಳಗಿನಿಂದ ಅಕ್ಕನೇ ಬಂದು ತೆರೆದು, ಗೆದ್ದಲು ಎಲ್ಲಿ ಅಂತ ಕೇಳುತ್ತಾಳೆ ಅನ್ನಿಸಿತು. ಐವತ್ತೆರಡು ವರ್ಷದ ಗಂಡಸಿಗೆ ಹಾಗೆ ಅನ್ನಿಸುವುದು ಹಾಸ್ಯಾಸ್ಪದ ಅಂತಲೂ ಅನ್ನಿಸಿತು, ಆದರೂ ಗೆಣ್ಣು ಮುಂದೆ ಹೋಗಲಿಲ್ಲ. ಅಂಗೈಯಿಂದ ಒಮ್ಮೆ ಬಾಗಿಲನ್ನು ಸವರಿ, ಯಾರಾದರೂ ನೋಡಿದರೇನೋ ಅಂತ ಅತ್ತಿತ್ತ ನೋಡಿ, ಇನ್ನೂರ ಹದಿನಾಲ್ಕಕ್ಕೆ ಹೋಗಿಬಿಟ್ಟ. ನಾಳೆ ಬಂದರಾಯಿತು ಅಂದುಕೊಂಡ. ನಾಳೆ ಹೋಗಲಿಲ್ಲ, ನಾಡಿದ್ದೂ ಹೋಗಲಿಲ್ಲ. ಮೂರು ಸಲ ಹೋದಾಗಲೂ ಬೀಗವಿದ್ದ ಮನೆ ವಾಸವಿಲ್ಲದ ಮನೆ ಎಂಬುದು ನಿಯಮ. ವಹಿಯಲ್ಲಿ ಇನ್ನೂರ ಹದಿಮೂರರ ಮುಂದೆ ಬೀಗ ಎಂದು ಬರೆದು ಮೂರು ತಾರೀಖು ಹಾಕಿದ. ಮೂರನೆಯ ತಾರೀಖನ್ನು ಬೇರೆ ಪೆನ್ನಿನಿಂದ ಬರೆದ, ಬೇರೆ ದಿನ ಬರೆದ ಹಾಗೆ ಕಾಣಲಿ ಅಂತ. ಮಾಡಿದ್ದಕ್ಕಿಂತ ಆ ಪೆನ್ನು ಬದಲಾಯಿಸಿದ್ದೇ ಅವನನ್ನು ಹೆಚ್ಚು ಕೊರೆಯುತ್ತಿತ್ತು. ಅಷ್ಟು ಬುದ್ಧಿ ಓಡಿತ್ತಲ್ಲ.

ಹನ್ನೊಂದೂವರೆಗೆ ಒಬ್ಬ ಹೆಂಗಸು ಕೌಂಟರಿಗೆ ಬಂದು ನಿಂತಳು. ಮೂವತ್ತೈದು ಇರಬಹುದು. ಉಗುರುಗಳ ಸುತ್ತ ಬಿಳಿ ಸಿಮೆಂಟು ಒಣಗಿ ಬಿರುಕುಬಿಟ್ಟಿತ್ತು. ಕೆಲಸದ ನಡುವೆ ಎದ್ದು ಬಂದವಳು ಅಂತ ಗೊತ್ತಾಗುತ್ತಿತ್ತು, ಇನ್ನೂ ಮೊಣಕಾಲಿಗೆ ಕಟ್ಟಿದ ಬಟ್ಟೆ ಬಿಚ್ಚಿರಲಿಲ್ಲ. ಗುಂಡಿಯಲ್ಲಿ ಅವಳನ್ನು ಟೈಲ್ಸಕ್ಕ ಅಂತಾರೆ, ಹೊಸ ಕಟ್ಟಡಗಳಲ್ಲಿ ಟೈಲ್ಸ್ ಕೂರಿಸಿದ ಮೇಲೆ ಸಂದು ತುಂಬುವುದು ಅವಳ ಕಸುಬು ಅಂತ ಅವಳ ಪಕ್ಕದಲ್ಲಿದ್ದವರು ಹೇಳಿದರು. ಅವಳು ಜಗಳ ತೆಗೆಯಲಿಲ್ಲ. ಜಗಳ ತೆಗೆದಿದ್ದರೆ ಅವನಿಗೆ ಸಲೀಸಾಗುತ್ತಿತ್ತು, ಜಗಳಕ್ಕೆ ಉತ್ತರ ಕೊಡುವುದನ್ನು ಇಪ್ಪತ್ತಾರು ವರ್ಷದಲ್ಲಿ ಕಲಿತಿದ್ದ. ಅವಳು ಪಟ್ಟಿಯನ್ನು ಮೂರು ದಿನದಿಂದ ನೋಡುತ್ತಿದ್ದಾಳಂತೆ. ತನ್ನ ಕಣ್ಣೇ ಸರಿಯಿಲ್ಲವೇನೋ ಅಂತ ಮಗಳನ್ನೂ ಕರೆತಂದು ಓದಿಸಿದಳಂತೆ.

"ಊರೋರ ಮನೆ ಸಂದೆಲ್ಲ ತುಂಬೋಳು ನಾನು ಸಾರ್," ಅಂದಳು. "ಒಂದು ಕೂದಲೆಳೆ ಬಿಡದ ಹಾಗೆ ತುಂಬ್ತೀನಿ. ನಿಮ್ಮ ಪಟ್ಟೀಲಿ ನೋಡಿದ್ರೆ ನನ್ನ ಮನೇನೇ ಸಂದೀಲಿ ಬಿದ್ದುಹೋಗಿದೆ."

ಅವನು ವಹಿ ತೆರೆದ. ಯಾವ ಪುಟ ಅಂತ ಹುಡುಕುವ ನಾಟಕವಾಡಿದ. ಮೂರು ಸಲ ಬಂದಾಗಲೂ ಬೀಗವಿತ್ತಮ್ಮ ಅಂದಾಗ ತನ್ನ ದನಿ ಎಷ್ಟು ಸಹಜವಾಗಿತ್ತೆಂದರೆ ಅವನಿಗೇ ಹೆದರಿಕೆಯಾಯಿತು. ಅವಳು ಅವನ ಮುಖವನ್ನು ನೋಡಿದಳು. ಸಿಟ್ಟಿನಿಂದಲ್ಲ, ತುಂಬಿದ ಸಂದಿನಲ್ಲಿ ಎಲ್ಲೋ ಗಾಳಿ ಉಳಿದಿದೆ ಎಂದು ಅನುಮಾನ ಬಂದವಳ ಹಾಗೆ ನೋಡಿದಳು. "ನಮ್ಮ ಮಾವನಿಗೆ ನಡಿಯೋಕಾಗಲ್ಲ ಸಾರ್. ಎಂಟು ವರ್ಷ ಆಯ್ತು ಮನೆಯಿಂದ ಆಚೆ ಬಂದು. ಬೀಗ ಹಾಕಿದ್ರೆ ಅವರನ್ನ ಒಳಗಿಟ್ಟು ಹಾಕ್ಬೇಕು." ಸಾಲಿನಲ್ಲಿದ್ದ ಒಬ್ಬರಿಬ್ಬರು ನಕ್ಕರು. ಅವಳು ನಗಲಿಲ್ಲ. ನಮ್ಮ ಮನೆಗೆ ಬೀಗವೇ ಇಲ್ಲ ಅಂತಲೂ ಸೇರಿಸಿದಳು, ಕೊಂಡೇ ಇಲ್ಲವಂತೆ.

ವಹಿ ಎತ್ತಿಕೊಂಡು ಒಳಗಿನ ಕೋಣೆಗೆ ಹೋದ. ಅಲ್ಲಿದ್ದ ಅಧಿಕಾರಿ ಅವನಿಗಿಂತ ಹದಿನೈದು ವರ್ಷ ಚಿಕ್ಕವಳು, ಬಂದು ಆರು ತಿಂಗಳಾಗಿತ್ತು, ಎಲ್ಲರಿಗೂ ಮೇಡಂ. ಅವರು ಕಡತದಿಂದ ತಲೆ ಎತ್ತದೆಯೇ ನಿಯಮ ಹೇಳಿದರು. ಸಮೀಕ್ಷೆ ಮಾಡಿದವರೇ ಮತ್ತೆ ಸ್ಥಳಕ್ಕೆ ಹೋಗಿ ನೋಡಬೇಕು, ಮೊದಲು ಬಿಟ್ಟುಹೋದದ್ದೇಕೆ ಎಂದು ಷರಾ ಬರೆಯಬೇಕು, ಐದು ಗಂಟೆಯೊಳಗೆ ತಂದರೆ ಪೂರಕ ಪಟ್ಟಿಗೆ ಸೇರಿಸಬಹುದು. ಮನೆಯವರು ಊರಲ್ಲಿ ಇರಲಿಲ್ಲ ಅಂತ ಬರೆಯಬಹುದೇ ಅಂತ ಅವನು ಕೇಳಿದ, ಎಲ್ಲೋ ಯಾರಿಗೋ ಸಂಬಂಧಿಸಿದ ಸಂದೇಹ ಕೇಳುವಂತೆ. ಮೇಡಂ ಈಗ ತಲೆ ಎತ್ತಿದರು. ಊರಲ್ಲಿ ಇರಲಿಲ್ಲ ಅಂದರೆ ಸತತ ವಾಸವಿಲ್ಲ ಅಂತಾಗುತ್ತದೆ, ಆಗ ಆಕೆ ಶಾಶ್ವತವಾಗಿ ಹೊರಗೆ ಅಂದರು. ಹಾಗಾದರೆ ಬಿಟ್ಟುಹೋದ ತಪ್ಪು ಒಂದೋ ಆ ಹೆಂಗಸಿನದು, ಇಲ್ಲವೋ ಅವನದು. ಆ ನಕ್ಷೆಯ ಬಿಳಿಯ ಹಾಗೆ ನಡುವೆ ಬಣ್ಣವಿಲ್ಲದ ಜಾಗ ಎಲ್ಲೂ ಇರಲಿಲ್ಲ. ಅವನು ಕದಲದ್ದನ್ನು ನೋಡಿ ಮೇಡಂ, ಫ್ಯಾನು ಬೇಕಾದರೆ ಕೂತ್ಕೊಳ್ಳಿ, ಇಲ್ಲದಿದ್ರೆ ಹೊರಡಿ, ಗಂಟೆ ಹನ್ನೆರಡಾಯ್ತು ಅಂದರು.

ಟೈಲ್ಸಕ್ಕ ಮುಂದೆ, ಅವನು ಹಿಂದೆ. ಟೇಪು, ವಹಿ, ಕೆಂಪು ಬಣ್ಣದ ಡಬ್ಬಿ, ಕುಂಚ. ಬಸ್ಸಿಳಿದು ಇನ್ನೂ ಅರ್ಧ ಮೈಲಿ ನಡೆಯಬೇಕು. ದಾರಿಯುದ್ದಕ್ಕೂ ಹೊಸ ಕಟ್ಟಡಗಳು, ಅವಳು ಒಂದೊಂದನ್ನೂ ಗಲ್ಲದಿಂದ ತೋರಿಸುತ್ತ ಹೋದಳು. ಇದರ ಮೂರನೇ ಮಹಡಿ ಬಚ್ಚಲೆಲ್ಲ ನಾನು ತುಂಬಿದ್ದು. ಅದರದು ಅಡುಗೆಮನೆಗಳು. ಅಗೋ ಆ ನೀಲಿದರಲ್ಲಿ ಮಾಲೀಕರಿಗೆ ಬಿಳಿ ಬೇಕೋ ಬೂದು ಬೇಕೋ ತೀರ್ಮಾನ ಆಗದೆ ಮೂರು ಸಲ ಕೆರೆಸಿ ತುಂಬಿಸಿದರು. ನಿಮ್ಮ ಮನೆ ಎಲ್ಲಿ ಸಾರ್ ಅಂದಳು. ಅವನು ಬೀದಿಯ ಹೆಸರು ಹೇಳಿದ. ಅವಳು ನಿಂತು ಲೆಕ್ಕ ಹಾಕಿ, ನಾಲ್ಕಂತಸ್ತಿನದಾ, ಮುಂದುಗಡೆ ಕಬ್ಬಿಣದ ಗೇಟು, ಅಂತ ಕೇಳಿದಳು. ಹೌದು ಅಂದ. ಅಲ್ಲೂ ನಾನೇ, ಅಂದಳು, ಆಗಿನ್ನೂ ಹೊಸದಾಗಿ ಕೆಲಸ ಕಲೀತಿದ್ದೆ, ಸಂದು ಸ್ವಲ್ಪ ವಕ್ರ ಇದ್ರೆ ಬೈಕೋಬೇಡಿ. ಬಚ್ಚಲುಮನೆಯ ಮೂಲೆಯಲ್ಲಿ ಒಂದು ಸಂದು ವಕ್ರವಾಗಿರುವುದು ಅವನಿಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಹಲ್ಲುಜ್ಜುತ್ತ ಅದನ್ನೇ ನೋಡುತ್ತಿದ್ದ. ಯಾವ ಕೈ ಅಂತ ಯೋಚಿಸಿರಲೇ ಇಲ್ಲ. ತನ್ನ ನೆಲ ಅವಳ ಕೈಯದು, ಅವಳ ಬಾಗಿಲು ತನ್ನ ಮನೆಯದು, ಅಂತ ಮನಸ್ಸಿನಲ್ಲಿ ಒಂದು ವಾಕ್ಯ ಬಂತು; ಬಹಳ ಚೆಂದವಾಗಿ ಬಂದದ್ದರಿಂದಲೇ ಅದರ ಮೇಲೆ ಅವನಿಗೆ ಸಿಟ್ಟೂ ಬಂತು. ಚೆಂದದ ವಾಕ್ಯದಿಂದ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ.

ಗುಂಡಿಗೆ ಇಳಿಯುವ ಮೆಟ್ಟಿಲುಗಳನ್ನು ಒಡೆದ ಇಟ್ಟಿಗೆಯಲ್ಲೇ ಮಾಡಿದ್ದರು. ಅರ್ಧ ಇಳಿದ ಮೇಲೆ ರಸ್ತೆಯ ಸದ್ದು ತಲೆಯ ಮೇಲೆ ಉಳಿದುಬಿಡುತ್ತಿತ್ತು. ಓಣಿಯ ತುಂಬ ಅವನು ಬರೆದ ಕೆಂಪು ನಂಬರುಗಳು, ಕೆಲವರು ಅದರ ಸುತ್ತ ಸುಣ್ಣದ ಚೌಕ ಹಾಕಿ ಅಂದಮಾಡಿಕೊಂಡಿದ್ದರು. ಪಟ್ಟಿ ಸಾರ್ ಬಂದ್ರು ಅಂತ ಯಾರೋ ಕೂಗಿದರು. ಇಬ್ಬರು ಹೆಂಗಸರು ಅವನಿಗೆ ಕುರ್ಚಿ ತರಲು ಓಡಿದರು. ಈ ಮರ್ಯಾದೆ ಅವನನ್ನು ಚುಚ್ಚಿತು. ಇನ್ನೂರ ಹನ್ನೆರಡು ದಾಟಿ ತಿರುಗಿದ. ಬಾಗಿಲು ಆವತ್ತಿನ ಹಾಗೆಯೇ ಒಂದು ಗೇಣು ತೆರೆದಿತ್ತು. ಟೈಲ್ಸಕ್ಕ ಅದನ್ನು ತಳ್ಳಲು ಹೋದಾಗ ತಡಿಯಮ್ಮ ಅಂದ. ಅವಳಿಗೆ ಅರ್ಥವಾಗಲಿಲ್ಲ, ಆದರೂ ಕೈ ಹಿಂದೆ ತೆಗೆದುಕೊಂಡಳು. ಅವನು ಗೆಣ್ಣಿನಿಂದ ಮೂರು ಸಲ ತಟ್ಟಿದ. ಆ ಬಾಗಿಲಿನ ಸದ್ದು ಅವನಿಗೆ ಗೊತ್ತಿತ್ತು. ಮೇಲಿನ ಎಡ ಚೌಕ ಟೊಳ್ಳು, ಬಲದ್ದು ಗಟ್ಟಿ. ಟೊಳ್ಳಿನ ಮೇಲೆ ತಟ್ಟಿದರೆ ಅಡುಗೆಮನೆಯಲ್ಲಿದ್ದ ಅಮ್ಮನಿಗೂ ಕೇಳಿಸುತ್ತಿತ್ತು.

"ಬನ್ನಿ," ಅಂತು ಒಳಗಿನ ದನಿ. "ಈ ಸಲ ತಟ್ಟಿದ್ರಲ್ಲ."

ಕಿಟಕಿಯಿಲ್ಲದ ಕೋಣೆ, ಆದರೆ ನೆಲ ನೋಡಿ ಅವನು ಚಪ್ಪಲಿ ಬಿಡುವುದನ್ನೂ ಮರೆತು ನಿಂತ. ನಗರದ ಎಲ್ಲ ಕಟ್ಟಡಗಳಲ್ಲಿ ಮಿಕ್ಕ ಟೈಲ್ಸ್ ತುಂಡುಗಳನ್ನು ತಂದು ಹಾಸಿದ್ದಳು, ಒಂದರ ಹಾಗೆ ಇನ್ನೊಂದಿಲ್ಲ. ಸಂದುಗಳು ಮಾತ್ರ ದಾರ ಹಿಡಿದು ಎಳೆದಷ್ಟು ನೇರ. ಬಾಗಿಲಿಗೆ ಎದುರಾಗಿ ಮಂಚದ ಮೇಲೆ ಮುದುಕ ಕೂತಿದ್ದ, ಕಾಲುಗಳ ಮೇಲೆ ಹೊದಿಕೆ. ಅಲ್ಲಿಂದ ನೋಡಿದರೆ ಓಣಿ ಒಂದು ಗೇಣಗಲ ಕಾಣುತ್ತಿತ್ತು. ಮುದುಕ ಹಳೆ ಮನೆ ಕೆಡವುವ ಕೂಲಿ. ಮೂವತ್ತು ವರ್ಷ ಗೋಡೆ ಬೀಳಿಸಿ, ಕೊನೆಗೊಂದು ಗೋಡೆ ಅವನನ್ನು ಬೀಳಿಸಿತ್ತು. ಇದನ್ನು ಅವನೇ ನಗುತ್ತ ಹೇಳಿದ. ಸೊಸೆಗೆ ನಗು ಬರಲಿಲ್ಲ. ಸಾರ್ ಬಂದಿದ್ದನ್ನ ನೋಡಿದ್ರಾ ನೀವು, ನೋಡಿಯೂ ಕರೀಲಿಲ್ವಾ, ಮೂರು ದಿನದಿಂದ ನಾನು ಒದ್ದಾಡ್ತಿದ್ದೀನಲ್ಲ ಮಾವ, ಅಂತ ಕೇಳಿದಳು. ಮುದುಕ ಅವನ ಕಡೆ ತಿರುಗಿದ.

"ಬಾಗಿಲು ತಟ್ಟೋರನ್ನ ನೋಡಿದ್ದೀನಿ, ಒದೆಯೋರನ್ನ ನೋಡಿದ್ದೀನಿ," ಅಂದ. "ಸವರಿ ಹೋದೋರನ್ನ ಅವತ್ತೇ ನೋಡಿದ್ದು. ಅದೂ ಅಂಚಲ್ಲಿ ಕೆಳಗಿನ ಗೀಟಿನ ಎತ್ತರಕ್ಕೇ ಕೈಯಿಟ್ರಿ, ಇಲ್ಲಿಂದಲೇ ಕಾಣ್ತು. ಆಗಲೇ ಗೊತ್ತಾಯ್ತು ನೀವು ತಮ್ಮ ಅಂತ. ಮತ್ತೆ ನೀವೇ ಬಂದು ತಟ್ತೀರ ಅಂತ ಕಾದೆ."

ಯಾರ ತಮ್ಮ ಅಂತ ಅವನು ಕೇಳಲಿಲ್ಲ. ಮುದುಕ ನಿಧಾನವಾಗಿ ಹೇಳಿದ. ಆ ಮನೆ ಕೆಡವಲು ಶುರುಮಾಡಿದ ಮೊದಲನೆಯ ದಿನ ಬೆಳಿಗ್ಗೆಯೇ ಒಬ್ಬ ಅಮ್ಮ ಕೊಡೆ ಹಿಡಿದುಕೊಂಡು ಬಂದಿದ್ದರಂತೆ. ಮುದುಕ ಆಗ ಬಾಗಿಲಿನ ತಿರುಗಣಿ ಬಿಚ್ಚುತ್ತಿದ್ದನಂತೆ. ಅದು ನಮ್ಮದು, ಟೆಂಪೋ ಹೇಳಿದ್ದೀನಿ, ತಗೊಂಡು ಹೋಗ್ತೀನಿ ಅಂದರಂತೆ. ಟೆಂಪೋ ಬರುವುದು ತಡವಾಯಿತು. ಅವರು ಇಟ್ಟಿಗೆಯ ಮೇಲೆ ಕೂತು ಅವನನ್ನು ಅದೂ ಇದೂ ಕೇಳಿದರು. ಮನೆ ಎಲ್ಲಿ, ಮಕ್ಕಳೆಷ್ಟು, ಅವನು ಇಷ್ಟು ಬಾಗಿಲು ಬಿಚ್ಚುತ್ತಾನಲ್ಲ, ಅವನ ಮನೆಯ ಬಾಗಿಲು ಎಂಥದು. ನಮ್ಮನೇಲಿ ಬಾಗಿಲಿಲ್ಲ ತಾಯಿ, ಗೋಣಿಪಟ್ಟೆ ಇಳಿಬಿಟ್ಟಿದ್ದೀವಿ ಅಂದ. ಟೆಂಪೋ ಬಂತು. ಬಾಗಿಲು ಹತ್ತಿಸಿ, ಅವನನ್ನೂ ಹತ್ತಿಸಿ, ಡ್ರೈವರಿಗೆ ಇವರು ಹೇಳಿದ ಕಡೆ ಇಳಿಸಿ ಬಾ ಅಂದರಂತೆ. "ಒಂದೇ ಒಂದು ಮಾತು ತಗೊಂಡ್ರು ನನ್ನ ಹತ್ರ. ಗೀಟು ಕೆತ್ತಿ ತೆಗೀಬೇಡಪ್ಪ, ಮೇಲಿಂದು ನಂದು, ಕೆಳಗಿಂದು ನನ್ನ ತಮ್ಮಂದು ಅಂದ್ರು. ಒಳಗಡೆ ಮಾಡಿ ನಿಲ್ಲಿಸಿದ್ರೆ ಒಲೆ ಹೊಗೆ ಕೂರುತ್ತಲ್ಲ, ಅದಕ್ಕೇ ಹೊರಗಡೆ ಮಾಡಿದೆ."

ಅವನಿಗೆ ಕೂರಬೇಕು ಅನ್ನಿಸಿತು, ಕೂತ. ಆ ವಿಚಿತ್ರ ನೆಲದ ಮೇಲೆ, ಚಪ್ಪಲಿ ಸಮೇತ. ಮೊದಲನೆಯ ದಿನ. ತಾನು ಓಡಿಹೋದದ್ದು ನಾಲ್ಕನೆಯ ದಿನ. ಹಾಗಾದರೆ ಫೋನಿನಲ್ಲಿ ಗೆದ್ದಲು, ಪುಡಿಪುಡಿ, ಎಸೆದುಬಿಟ್ಟರು ಅಂದಾಗ ಆ ಕಡೆಯಿಂದ ಬಂದ ಹೂಂ ಎಂಥ ಹೂಂ. ಅವನು ತೆಗೆದಿಡುವುದಿಲ್ಲ ಅಂತ ಮೊದಲೇ ಗೊತ್ತಿದ್ದು ತಾನೇ ಟೆಂಪೋ ಮಾಡಿಕೊಂಡು ಬಂದವಳ ಹೂಂ. ಬೇಕೆಂದು ಕೇಳಿದ್ದನ್ನು ತಾನೇ ಕೊಟ್ಟುಬಿಟ್ಟು, ಇವನಿಗೆ ಹೇಳಿದರೆ ಇವನಿಗೆ ನಾಚಿಕೆಯಾದೀತು ಅಂತ ಸುಮ್ಮನಾದವಳ ಹೂಂ. ಆಮೇಲೆ ಆ ಎಣ್ಣೆ ಡಬ್ಬ. ಮುಖದ ಒಂದು ಗೆರೆ ಅಲುಗಿಸದೆ, ನಿಮ್ಮ ಜಾಗದಲ್ಲಿ ಗೆದ್ದಲು ಜಾಸ್ತಿ ಅಂದಿದ್ದಳಲ್ಲ. ಒಂಬತ್ತು ವರ್ಷ ಅವನು ಅಕ್ಕನ ಮುಂದೆ ಗೆದ್ದಲು ಎಂಬ ಪದ ಬಾರದ ಹಾಗೆ ಮಾತು ತಿರುಗಿಸುತ್ತ, ಅವಳು ಅವನು ತಿರುಗಿಸುವುದನ್ನು ನೋಡುತ್ತ ಕಳೆದಿದ್ದರು. ಅವನಿಗೆ ಮೊದಲು ಅಳು ಬಂತು, ಅದು ಅರ್ಧಕ್ಕೆ ನಿಂತು ನಗುವಾಯಿತು. ಟೈಲ್ಸಕ್ಕ ಗಾಬರಿಯಾಗಿ ನೀರು ತಂದುಕೊಟ್ಟಳು.

ನೀರು ಕುಡಿದು ಚಪ್ಪಲಿ ಹೊರಗೆ ಬಿಟ್ಟು ಬಂದ. ತಪ್ಪು ನನ್ನದಮ್ಮ ಅಂತ ಅವಳಿಗೆ ಹೇಳಿದ. ಬಂದಿದ್ದೆ, ಬಾಗಿಲು ತೆರೆದಿತ್ತು, ತಟ್ಟಲಿಲ್ಲ, ಆಮೇಲೆ ಬರಲೂ ಇಲ್ಲ, ಬೀಗ ಅಂತ ಸುಳ್ಳು ಬರೆದೆ. ಇಷ್ಟನ್ನು ಹೇಳುವಾಗ ಯಾಕೆ ಅಂತ ಅವಳು ಕೇಳುತ್ತಾಳೆ, ಅದಕ್ಕೆ ಬಾಗಿಲ ಕಥೆಯೆಲ್ಲ ಹೇಳಬೇಕಾಗುತ್ತದೆ ಅಂದುಕೊಂಡಿದ್ದ. ಅವಳು ಕೇಳಲಿಲ್ಲ. ಅವಳ ಮುಖ ಮೊದಲ ಸಲ ಬಿಗಿಯಾಯಿತು. ಮೂರು ದಿನ ನಾನು ನಿದ್ದೆ ಮಾಡಿಲ್ಲ ಸಾರ್ ಅಂದಳು, ಅಷ್ಟೆ. ಅವನು ಟೇಪಿನ ತುದಿಯನ್ನು ಅವಳ ಕೈಗೆ ಕೊಟ್ಟ. ಹತ್ತಡಿ, ಹನ್ನೊಂದೂವರೆ ಅಡಿ. ಜನ ಮೂರು, ಒಲೆ ಒಂದು. ಗಂಡ ಎಂಬ ಕಾಲಂಗೆ ಅವಳು ಇಲ್ಲ ಅಂದಳು, ಅವನು ಗೀಟು ಹಾಕಿದ. ವಾಸ ಎಷ್ಟು ವರ್ಷದಿಂದ ಅಂದಾಗ ಮುದುಕ ಸೊಸೆಗಿಂತ ಮೊದಲೇ ಬಾಯಿಹಾಕಿ, ಬಾಗಿಲು ಬಂದು ಒಂಬತ್ತು, ಗೋಣಿಪಟ್ಟೆ ಕಾಲದ್ದು ಹನ್ನೊಂದು ಅಂದ.

ಷರಾ ಬರೆಯುವ ಜಾಗ ವಹಿಯಲ್ಲಿ ಎರಡು ಬೆರಳಗಲ. ಕಣ್ತಪ್ಪಿನಿಂದ ಬಿಟ್ಟುಹೋಗಿದೆ ಅಂತ ಬರೆಯಬಹುದಿತ್ತು, ಎಲ್ಲರೂ ಹಾಗೆಯೇ ಬರೆಯುತ್ತಿದ್ದರು. ಆದರೆ ಅವನ ಕಣ್ಣು ಎಲ್ಲಿ ತಪ್ಪಿತ್ತು? ಇಪ್ಪತ್ತಾರು ವರ್ಷದಲ್ಲಿ ಅಷ್ಟು ಸರಿಯಾಗಿ ಅವನು ಬೇರೆ ಯಾವ ಬಾಗಿಲನ್ನೂ ನೋಡಿರಲಿಲ್ಲ. ಪೆನ್ನು ತೆಗೆದ. ಮೂರು ತಾರೀಖುಗಳ ಮೇಲೆ ಅಡ್ಡಗೆರೆ ಎಳೆದು, ಬಾಗಿಲು ತೆರೆದಿತ್ತು, ನಾನು ತಟ್ಟಲಿಲ್ಲ ಎಂದು ಬರೆದು ಸಹಿ ಹಾಕಿದ. ಗೆರೆಗೆ, ಷರಾಕ್ಕೆ, ಸಹಿಗೆ, ಮೂರಕ್ಕೂ ಒಂದೇ ಪೆನ್ನು.

ನಂಬರು ಹಾಕುವುದು ಉಳಿದಿತ್ತು. ಕುಂಚ ಅದ್ದಿ ಬಾಗಿಲಿನ ಮುಂದೆ ಕೂತಾಗ ಮಗಳು ಶಾಲೆಯಿಂದ ಬಂದಳು, ಹತ್ತು ಹನ್ನೊಂದರ ಹುಡುಗಿ. ಅಮ್ಮ ಹೇಳುವ ಮೊದಲೇ ಅವಳಿಗೆ ತಿಳಿಯಿತು. ಎಲ್ಲಿ ಬೇಕಾದ್ರೂ ಬರೀರಿ, ಈ ಕಡೆ ಮಾತ್ರ ಬೇಡ ಅಂತ ಎಡ ಅಂಚಿಗೆ ಅಡ್ಡ ನಿಂತಳು. ಆಗ ಅವನು ನೋಡಿದ್ದು. ಅವನ ಸಾಲು, ಅಕ್ಕನ ಸಾಲು, ಅದರ ಪಕ್ಕದಲ್ಲಿ ಮೂರನೆಯದೊಂದು ಸಾಲು, ಚಾಕುವಿನದಲ್ಲ, ಬಿಳಿ ಸಿಮೆಂಟು ಮೆತ್ತಿ ಎಳೆದ ಸಣ್ಣ ಸಣ್ಣ ನೇರ ಗೆರೆಗಳು. ಹುಡುಗಿ ಬೆನ್ನು ಹಚ್ಚಿ ನಿಂತು ಅಳತೆ ತೋರಿಸಿದಳು. ಕೆಳಗಿನ ಗೀಟಿನ ಹುಡುಗನನ್ನು ತಾನು ಹೋದ ವರ್ಷವೇ ದಾಟಿದೆ, ಮೇಲಿನವಳನ್ನು ಮಾತ್ರ ಇನ್ನೂ ಹಿಡಿಯಲಾಗಿಲ್ಲ, ಅವಳು ಭಾರೀ ಉದ್ದ ಅಂದಳು. ಹಿಮ್ಮಡಿ ಎತ್ತಿದ್ದೀಯ ಅಂದ ಅವನು. ಹುಡುಗಿ ನಾಲಿಗೆ ಕಚ್ಚಿಕೊಂಡು ಹಿಮ್ಮಡಿ ಇಳಿಸಿದಳು. ಬಲಗಡೆಯ ಗಟ್ಟಿ ಚೌಕದ ಮೇಲೆ, ಓಣಿಯ ತುದಿಗೂ ಕಾಣುವಷ್ಟು ದೊಡ್ಡದಾಗಿ, ಇನ್ನೂರ ಹದಿಮೂರು ಬರೆದ. ಹೊಸ ಮನೆಗಳಿಗೆ ಬಾಗಿಲು ಅವರೇ ಕೊಡ್ತಾರಂತಲ್ಲ, ಇದನ್ನೇನು ಮಾಡೋದು ಅಂತ ಟೈಲ್ಸಕ್ಕ ಕೇಳಿದಳು, ದನಿ ಸ್ವಲ್ಪ ಸಡಿಲವಾಗಿತ್ತು. ಅವರದು ಹೊರಗೆ ಇರಲಿ, ಇದನ್ನ ಒಳಗಿನ ಕೋಣೆಗೆ ಹಾಕಿಕೊಳ್ಳಿ, ಇವಳು ಇನ್ನೂ ಬೆಳೀಬೇಕಲ್ಲ ಅಂದ.

ಮೂರೂಮುಕ್ಕಾಲಿಗೆ ಮೇಡಂ ಷರಾ ಓದಿದರು. ಎರಡು ಸಲ ಓದಿದರು. ಇದನ್ನ ಹೀಗೇ ಬಿಟ್ರೆ ನಿಮಗೆ ನೋಟಿಸು ಬರುತ್ತೆ, ಕಣ್ತಪ್ಪು ಅಂತ ತಿದ್ದಬಾರದಾ ಅಂತ ಕೇಳಿದರು, ಕೆಟ್ಟ ಮನಸ್ಸಿನಿಂದಲ್ಲ. ಬರಲಿ ಮೇಡಂ ಅಂದ. ಅವರು ಸಹಿ ಹಾಕಿದರು. ನೋಟಿಸು ನಾನೇ ಬರೀಬೇಕಾಗುತ್ತೆ, ಆದಷ್ಟು ಮೆತ್ತಗೆ ಬರೀತೀನಿ ಅಂದರು. ನಾಲ್ಕೂಕಾಲಿಗೆ ಅವನು ಗೋಂದಿನ ಡಬ್ಬಿ ಹಿಡಿದು ಹೊರಗೆ ಬಂದು ಪೂರಕ ಪಟ್ಟಿಯನ್ನು ಅಂಟಿಸಿದ. ಒಂದೇ ಸಾಲಿನ ಪಟ್ಟಿ, ಕಾಗದದ ತುಂಬ ಬಿಳಿ. ಕೆಲಸಕ್ಕೆ ವಾಪಸು ಹೋಗದೆ ಕಾಯುತ್ತಿದ್ದ ಟೈಲ್ಸಕ್ಕ ಅದರ ಮೇಲೆ ಬೆರಳಿಟ್ಟು ತನ್ನ ಹೆಸರು ಓದಿದಳು, ಕಾಗದದ ಒಂದು ಮೂಲೆ ಎದ್ದಿದ್ದನ್ನು ನೋಡಿ ಹೆಬ್ಬೆರಳಿನಿಂದ ನೀಟಾಗಿ ಒತ್ತಿ ಕೂರಿಸಿದಳು. ಬರ್ತೀನಿ ಸಾರ್ ಅಂದಳು. ಮೊಣಕಾಲಿನ ಬಟ್ಟೆಯನ್ನು ಈಗ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಬಸ್ಸಿನ ಕಡೆ ನಡೆದಳು.

ಅವನು ಕಚೇರಿಯ ಮೆಟ್ಟಿಲ ಮೇಲೆ ಕೂತು ಅಕ್ಕನಿಗೆ ಫೋನು ಮಾಡಿದ. ಹೇಗೆ ಶುರುಮಾಡಬೇಕು ಅಂತ ಬಸ್ಸಿನಲ್ಲಿ ಯೋಚಿಸಿದ್ದೆಲ್ಲ ಮರೆತುಹೋಯಿತು. "ಅಕ್ಕ, ಬಾಗಿಲು ನೋಡಿದೆ," ಅಂದ. ಆ ಕಡೆ ಪಾತ್ರೆಯ ಮುಚ್ಚಳ ಮುಚ್ಚಿದ್ದು ಕೇಳಿಸಿತು, ಒಲೆ ಆರಿಸಿದ್ದು ಕೇಳಿಸಿತು.

"ಎಣ್ಣೆ ಡಬ್ಬ ಇನ್ನೂ ಇದೆಯೇನೋ," ಅಂದಳು ಅಕ್ಕ.

ಇದೆ, ಮುಚ್ಚಳ ತೆಗೆದೇ ಇಲ್ಲ ಅಂದ. ಅವಳು ನಕ್ಕಳು, ಅವನೂ ನಕ್ಕ, ನಗುತ್ತಲೇ ಇಬ್ಬರೂ ಸ್ವಲ್ಪ ಹೊತ್ತು ಮೂಗು ಒರೆಸಿಕೊಂಡರು. ಆಮೇಲೆ ಅವಳು ಮುದುಕನ ವಿಷಯ ಕೇಳಿದಳು, ಅವನ ಕಾಲಿನ ಸುದ್ದಿ ತಿಳಿದು ಅಯ್ಯೋ ಅಂದಳು, ಆ ಮನೆಯಲ್ಲಿ ಮಗು ಇದೆಯಾ ಅಂತ ಕೇಳಿದಳು. ಇದೆ, ನನ್ನನ್ನು ದಾಟಿಬಿಟ್ಟಿದ್ದಾಳೆ, ನಿನ್ನನ್ನು ಹಿಡಿಯಲು ನೋಡುತ್ತಿದ್ದಾಳೆ ಅಂದ. ಎಷ್ಟಿದೆ ಇನ್ನೂ ಅಂತ ಅಕ್ಕ ಕೂಡಲೇ ಕೇಳಿದಳು, ಅರುವತ್ತರ ಹತ್ತಿರ ಬಂದವಳ ದನಿಯಲ್ಲಿ ಹನ್ನೆರಡರ ಹುಡುಗಿಯ ಗಾಬರಿ. ಅವನು ಎದುರಿಗೆ ಗಾಳಿಯಲ್ಲಿ ಹೆಬ್ಬೆರಳು ತೋರುಬೆರಳು ಅಗಲಿಸಿ ಅಳತೆ ನೋಡಿದ.

"ನಾಲ್ಕು ಬೆರಳು," ಅಂದ. "ಭಾನುವಾರ ಬಾ, ತೋರಿಸ್ತೀನಿ. ಆದ್ರೆ ಹೋದ ತಕ್ಷಣ ಒಳಗೆ ನುಗ್ಗಬೇಡ, ಬಾಗಿಲು ತಟ್ಟಬೇಕು."